ಮಿಸ್ಟರ್ ಡೇಲ್ ಎಲ್ಲಿ ಗುರುತು ಹಾಕಿದರು?

ಮೊಮ್ಮಗಳ ಫೋನಿನಿಂದ ಚಪ್ಪಾಳೆ ಕೇಳಿಸಿತು. ಶುಕ್ರವಾರ, ಇಗರ್ಜಿಯಿಂದ ಬಂದು ನಾನು ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದೆ. ಸಣ್ಣ ಚಪ್ಪಾಳೆಯಲ್ಲ, ಒಂದು ಸ್ಟೇಡಿಯಂ ತುಂಬ ಜನ ಎದ್ದು ನಿಂತು ತಟ್ಟುವಂಥದ್ದು. "ಗ್ರ್ಯಾನಿ, ಲುಕ್ ಅಟ್ ದಿಸ್," ಎಂದು ರಿಯಾ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಅಮೆರಿಕದ ಒಂದು ಪಕ್ಷದ ದೊಡ್ಡ ಸಭೆ. ಸೂಟು ತೊಟ್ಟ ಗಂಡಸೊಬ್ಬ ವೇದಿಕೆಯ ಮೇಲೆ ನಿಂತು, ತಾನು ಗೇ ಹೌದು, ಈ ಪಕ್ಷದವನೂ ಹೌದು ಎನ್ನುತ್ತಿದ್ದ. ಅದಕ್ಕೇ ಆ ಚಪ್ಪಾಳೆ.

"ಹೌ ಇಸ್ ಇಟ್ ಈವನ್ ಪಾಸಿಬಲ್? ಆ ಪಾರ್ಟಿಗೆ ಇವರನ್ನು ಕಂಡರೇ ಆಗೂದಿಲ್ಲ!"

"ಪಾಸಿಬಲ್ ಉಂಟು," ಎಂದೆ. "ಅಂಥವರೊಬ್ಬರ ಡಿಕ್ಟೇಷನ್ ನಾನು ಎಷ್ಟೋ ವರ್ಷ ತೆಗೆದುಕೊಂಡಿದ್ದೇನೆ."

ಅವಳು ನಂಬಲಿಲ್ಲ. ನಂಬದಿರುವುದು ನಮ್ಮ ಮನೆತನದ ಗುಣ, ನನ್ನಿಂದಲೇ ಇಳಿದು ಬಂದದ್ದು. ತೀರಿಹೋದ ನನ್ನ ಯಜಮಾನರು, "ಪವಿತ್ರಾತ್ಮ ಬಂದು ಬಾಗಿಲು ತಟ್ಟಿದರೂ ಇವಳು ಮೊದಲು ಇಕಾಮಾ ತೋರಿಸು ಅನ್ನುತ್ತಾಳೆ," ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಈ ಕುವೈಟಿನಲ್ಲಿ ಬದುಕುವ ಪರ್ಮಿಟ್ಟನ್ನು ಕೇಳದೆ ಯಾರನ್ನು ಒಳಗೆ ಬಿಡುವುದು, ನೀವೇ ಹೇಳಿ.

ಮಿಸ್ಟರ್ ಡೇಲ್ ನಮ್ಮ ಫಹಾಹೀಲ್ ಆಫೀಸಿನ ಮ್ಯಾನೇಜರ್. ಎಣ್ಣೆ ಬಾವಿಗಳಿಗೆ ಬಿಡಿಭಾಗ ಒದಗಿಸುವ ಒಂದು ಅಮೆರಿಕನ್ ಕಂಪೆನಿ. ಗಲ್ಫ್ ಯುದ್ಧ ಮುಗಿದು ನಾವೆಲ್ಲ ಊರಿಂದ ಮರಳಿ ಬಂದ ಕಾಲದಲ್ಲಿ ಶುರುವಾದದ್ದು. ನಾನು ಅವರ ಸೆಕ್ರೆಟರಿ. ಆಗಸ್ಟ್ ತಿಂಗಳ ಸೆಕೆಯಲ್ಲೂ ಟೈ ಬಿಚ್ಚದ ಮನುಷ್ಯ. ನಾನು ಕೋಣೆಗೆ ಹೋದರೆ ಎದ್ದು ನಿಲ್ಲುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಭಾಷಣ: ತೆರಿಗೆ ಕಡಿಮೆಯಿರಬೇಕು, ಸರಕಾರ ಚಿಕ್ಕದಿರಬೇಕು, ಕುಟುಂಬ ಗಟ್ಟಿಯಿರಬೇಕು. ಕುಟುಂಬದ ಬಗ್ಗೆ ನಮ್ಮ ಪಾದ್ರಿಗಳೂ ಅಷ್ಟು ಚೆಂದದ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ. ಹಾಗಾದರೆ ಇವರಿಗೆ ಕುಟುಂಬ ಯಾಕಿಲ್ಲ? ನಲವತ್ತು ದಾಟಿದೆ, ಸಂಬಳ ಒಳ್ಳೆಯದು, ಹಲ್ಲು ಇನ್ನೂ ಒಳ್ಳೆಯದು. ಸಿಐಎ ಇರಬೇಕು ಎಂದು ಮೊದಲ ವರ್ಷ ತೀರ್ಮಾನ ಮಾಡಿಟ್ಟುಕೊಂಡಿದ್ದೆ.

ಆಮೇಲೆ ನನ್ನ ಚಿಕ್ಕಮ್ಮನ ಮಗ ಲ್ಯಾನ್ಸಿ ಅವರ ಫ್ಲ್ಯಾಟಿಗೆ ಪೇಯಿಂಗ್ ಗೆಸ್ಟ್ ಆಗಿ ಹೋದ. ಲ್ಯಾನ್ಸಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್, ನನಗಿಂತ ತುಂಬ ಚಿಕ್ಕವನು. ಆಫೀಸಿನ ಕ್ರಿಸ್ಮಸ್ ಪಾರ್ಟಿಗೆ ಅವನನ್ನು ಕರೆದುಕೊಂಡು ಹೋದದ್ದು ನಾನೇ. ಇದು ಬ್ಯಾಚಲರ್‌ಗಳು ರೂಮ್ ಹಂಚಿಕೊಂಡು ಬದುಕುವ ಊರು. ಇಬ್ಬರು ಗಂಡಸರು ಒಂದು ಮನೆಯಲ್ಲಿದ್ದರೆ ವಾಚ್‌ಮನ್ ಕೂಡ ತಲೆಯೆತ್ತಿ ನೋಡುವುದಿಲ್ಲ. ನನಗೆ ಮಾತ್ರ ನಿದ್ದೆ ಬರಲಿಲ್ಲ. ಅಮೆರಿಕನ್ ಮ್ಯಾನೇಜರಿಗೆ ಬಾಡಿಗೆ ಹಂಚಿಕೊಳ್ಳುವ ಗತಿ ಏನು ಬಂದಿದೆ? ಕೊನೆಗೆ ಹೊಳೆಯಿತು: ಬೈಬಲ್ ಹಿಡಿದು ಓಡಾಡುವ ಆ ಹೊಸ ಸಭೆಗಳ ಪೈಕಿ ಇರಬೇಕು, ನಮ್ಮ ಹುಡುಗನನ್ನು ಪ್ರೊಟೆಸ್ಟೆಂಟ್ ಮಾಡುತ್ತಿದ್ದಾನೆ!

ಹಾಗೆ ಒಂದು ದಿನ, ನಮ್ಮವರು ಹಂದಿಮಾಂಸದಲ್ಲಿ ಮಾಡುವ ಹುಳಿಸಿಹಿ ಇಂದಾದನ್ನು ಹಂದಿಮಾಂಸ ಸಿಗದ ಈ ಊರಿನಲ್ಲಿ ಕೋಳಿಯಲ್ಲೇ ಮಾಡಿ, ಡಬ್ಬಿಯಲ್ಲಿ ಹಾಕಿಕೊಂಡು ಹೇಳದೆ ಕೇಳದೆ ಹೋದೆ. ಹಾಲ್‌ನ ಗೋಡೆಯ ಮೇಲೆ ಲ್ಯಾನ್ಸಿಯ ಸಂತ ಅಂತೋನಿಯವರ ಪಟ ಇತ್ತು. ಹುಡುಗ ಇನ್ನೂ ಕ್ಯಾಥೊಲಿಕನೇ ಎಂದು ಸಮಾಧಾನವಾಯಿತು. ಬಾತ್‌ರೂಮಿಗೆಂದು ಎದ್ದವಳು ಎರಡನೆಯ ಬೆಡ್‌ರೂಮಿನ ಬಾಗಿಲು ತೆರೆದೆ. ಒಳಗೆ ರಟ್ಟಿನ ಪೆಟ್ಟಿಗೆಗಳು, ಇಸ್ತ್ರಿ ಟೇಬಲ್, ಹಾಸಿಗೆಯಿಲ್ಲದ ಬರೀ ಮಂಚ. ಬಾಗಿಲು ಮುಚ್ಚಿದೆ. ಹಾಲ್‌ಗೆ ಬಂದು, "ಇಂದಾದಿಗೆ ಸಕ್ಕರೆ ಹೆಚ್ಚಾಯಿತೋ ಏನೋ," ಎಂದೆ. ಲ್ಯಾನ್ಸಿ ನನ್ನ ಮುಖ ನೋಡಿದ. "ಇಲ್ಲ ಬಾಯ್, ಸರಿ ಉಂಟು," ಎಂದ. ನಮ್ಮಲ್ಲಿ ಅಕ್ಕನಿಗೆ ಬಾಯ್ ಎನ್ನುತ್ತಾರೆ. ಆ ವಿಷಯ ನಾವು ಆಡಿದ್ದು ಅಷ್ಟೇ.

ಯಾರಿಗೂ ಹೇಳಲಿಲ್ಲ. ಗೊತ್ತಾದರೆ ಡೇಲ್‌ರಿಗೆ ವಿಮಾನ. ಲ್ಯಾನ್ಸಿಗೆ ಮೊದಲು ಜೈಲು, ಆಮೇಲೆ ವಿಮಾನ. ಆದರೆ ಅನುಮಾನ ಹೋಗಲಿಲ್ಲ, ಜಾಗ ಬದಲಿಸಿತು. ಮನೆಯಲ್ಲಿ ಹೀಗೆ ಬದುಕುವ ಮನುಷ್ಯ ಊಟದ ಹೊತ್ತಿಗೆ ಹಾಗೆ ಭಾಷಣ ಮಾಡುತ್ತಾನೆಂದರೆ ಎರಡರಲ್ಲಿ ಒಂದು ನಾಟಕ. ಯಾವುದು? ಪಕ್ಷವೋ, ಲ್ಯಾನ್ಸಿಯೋ?

ನನಗೆ ವಿಷಯ ಗೊತ್ತೆಂದು ಡೇಲ್‌ರಿಗೂ ತಿಳಿದಿತ್ತು. ಬಾಗಿಲು ಮುಚ್ಚಿದಾಗ ಒಮ್ಮೊಮ್ಮೆ ಮಾತಾಡುತ್ತಿದ್ದರು. ಅವರ ಪಕ್ಷದಲ್ಲಿ ಇಂಥವರ ಸಂಘಗಳೇ ಇವೆಯಂತೆ. ಹಿಂದೊಮ್ಮೆ ಕ್ಯಾಲಿಫೋರ್ನಿಯಾದಲ್ಲಿ ಇಂಥವರು ಶಾಲೆಯಲ್ಲಿ ಪಾಠ ಹೇಳಬಾರದೆಂದು ಕಾನೂನು ತರಲು ಹೊರಟಾಗ ಅದು ತಪ್ಪು ಎಂದವರಲ್ಲಿ ಅದೇ ಪಕ್ಷದ ದೊಡ್ಡ ನಾಯಕರೂ ಇದ್ದರಂತೆ. ಇನ್ನೊಮ್ಮೆ ಸಂಘದವರು ಚುನಾವಣೆಗೆ ದೇಣಿಗೆಯಾಗಿ ಕಳಿಸಿದ ಚೆಕ್ಕನ್ನು ಪಕ್ಷದ ಅಭ್ಯರ್ಥಿಯೊಬ್ಬರು ವಾಪಸು ಕಳಿಸಿದರಂತೆ.

"ವಾಪಸು ಕಳಿಸಿದ ಮೇಲೂ ಅಲ್ಲೇ ಇದ್ದೀರಾ?" ಎಂದು ಕೇಳಿದೆ.

ಡೇಲ್ ನಕ್ಕರು. "ಮಿಸೆಸ್ ಡಿ, ಈ ದೇಶ ನಿಮಗೆ ಯಾವತ್ತಾದರೂ ಪಾಸ್‌ಪೋರ್ಟ್ ಕೊಡುತ್ತದಾ? ಇಲ್ಲ. ಯುದ್ಧವಾಯಿತು, ಊರಿಗೆ ಓಡಿದಿರಿ, ಮತ್ತೆ ಇಲ್ಲಿಗೇ ಬಂದಿರಿ. ನಾನು ಕುವೈಟಿನ ಬಗ್ಗೆ ಒಂದು ಮಾತಾಡಿದರೆ ಸಾಕು, ಜಗಳಕ್ಕೆ ಬರುತ್ತೀರಿ. ಯಾಕೆ?"

ನನಗೆ ಮೈಯೆಲ್ಲ ಉರಿಯಿತು. "ನನ್ನ ಕೇಸ್ ಬೇರೆ," ಎಂದೆ. ಹೇಗೆ ಬೇರೆ ಎಂದು ಅವರು ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೆಯದಾಯಿತು.

ಇರಾಕಿನ ಮೇಲೆ ಅಮೆರಿಕ ಯುದ್ಧಕ್ಕೆ ಹೋದ ಮರುವರ್ಷ ಡೇಲ್‌ರ ದೇಶದಲ್ಲಿ ಅಧ್ಯಕ್ಷರ ಚುನಾವಣೆ. ಡೇಲ್‌ರ ಮತಪತ್ರ ಅಂಚೆಯಲ್ಲಿ ಬಂತು. ಮತದಾರ ಗುರುತು ಹಾಕುವಾಗ ಸಾಕ್ಷಿಯೊಬ್ಬರು ಎದುರಿಗೆ ಕೂತಿರಬೇಕು, ಮತ ಯಾವುದಕ್ಕೆಂದು ನೋಡಬಾರದು, ಆಮೇಲೆ ಲಕೋಟೆಯ ಹೊರಗೆ ಸಹಿ ಮಾಡಬೇಕು ಎಂದು ಅವರ ರಾಜ್ಯದ ನಿಯಮ. ಡೇಲ್ ನನ್ನನ್ನು ಕರೆದರು. ಆ ಸಲ ಅಧ್ಯಕ್ಷರ ಹೆಸರಿನ ಕೆಳಗೆ ಇನ್ನೊಂದು ಪ್ರಶ್ನೆಯೂ ಇದೆಯೆಂದು ಲ್ಯಾನ್ಸಿ ನನಗೆ ಮೊದಲೇ ಹೇಳಿದ್ದ: ಮದುವೆಯೆಂದರೆ ಗಂಡು ಹೆಣ್ಣಿನದು ಮಾತ್ರ ಎಂದು ರಾಜ್ಯದ ಸಂವಿಧಾನದಲ್ಲಿ ಬರೆಯಬೇಕೋ, ಬೇಡವೋ? ಡೇಲ್‌ರ ಪಕ್ಷ 'ಬೇಕು' ಎನ್ನುತ್ತಿತ್ತು.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಣ್ಣಿನ ಕಾವಲು ಎಂದು ಒಂದು ಪಾಠ ಕಲಿಸುತ್ತಿದ್ದರು. ನಿನ್ನದಲ್ಲದ್ದನ್ನು ನೋಡಬಾರದು, ಅಷ್ಟೇ. ಜೀವಮಾನವಿಡೀ ನಾನು ಅದನ್ನು ಪಾಲಿಸಿದ್ದು ಒಂದೇ ಒಂದು ಸಲ, ಅದೂ ಆವತ್ತು. ಯಾಕೆಂದರೆ ಸಹಿ ಹಾಕಬೇಕಾದವಳು ನಾನು; ಸಹಿಯೆಂದರೆ ನನಗೆ ಪ್ರಮಾಣವೇ. ಕಿಟಕಿಯ ಕಡೆ ತಿರುಗಿ ಕೂತು ಸಮುದ್ರದ ಮೇಲಿನ ಟ್ಯಾಂಕರ್ ಹಡಗನ್ನು ನೋಡಿದೆ. ಕಿವಿಗೆ ಕಾವಲು ಹಾಕಲು ಸಿಸ್ಟರ್‌ಗಳು ಕಲಿಸಿರಲಿಲ್ಲ. ಪೆನ್ನು ಕಾಗದದ ಮೇಲೆ ಒಮ್ಮೆ ಗೀರಿತು, ತಡವಿಲ್ಲದೆ. ಆಮೇಲೆ ಸದ್ದಿಲ್ಲ. ಏಸಿ ತಾನಾಗಿ ನಿಂತಿತು, ಕೋಣೆ ಬೆಚ್ಚಗಾಗತೊಡಗಿತು, ಏಸಿ ಮತ್ತೆ ಗುರ್ರೆಂದು ಶುರುವಾಯಿತು. ಆಗ ಪೆನ್ನು ಎರಡನೆಯ ಸಲ ಗೀರಿತು. ಯೋಚಿಸಲು ಏನಿದೆ ಇದರಲ್ಲಿ, ಎಂದುಕೊಂಡೆ. ನನ್ನ ತಮ್ಮನ ಜೊತೆ ಬದುಕುವವನಿಗೆ ಇಷ್ಟು ಯೋಚನೆ ಬೇಕೇ? ಸಹಿ ಮಾಡಿ ಎದ್ದು ಬಂದೆ.

ಅದೇ ವಾರ ಲ್ಯಾನ್ಸಿ ಅಬು ಹಲೀಫಾದ ನಮ್ಮ ಮನೆಗೆ ಬಂದ. ನೀರನ್ನೂ ಕುಡಿಯಲಿಲ್ಲ.

"ಬಾಯ್, ನೀನು ಎದುರಿಗೇ ಕೂತಿದ್ದಿ. ಎಲ್ಲಿ ಹಾಕಿದ?"

"ನಾನು ನೋಡ್ಲಿಲ್ಲ ಮಾರಾಯ."

"ನೀನು? ನೋಡ್ಲಿಲ್ಲ?" ಅವನು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. "ಮೆಟ್ಟಿಲ ಮೇಲೆ ಹೋಗುವವರ ಚೀಲದಲ್ಲಿ ಎಂತ ಉಂಟೂಂತ ಹೇಳುವವಳು ನೀನು!"

"ಅವರನ್ನೇ ಕೇಳು."

"ಕೇಳಿದೆ. ಮತ ಅಂದರೆ ಗುಪ್ತ ಅಂತೆ. 'ನಾನು ಎಂಥವನು ಅಂತ ನಿನಗೆ ಇಷ್ಟು ವರ್ಷದಲ್ಲಿ ತಿಳಿದಿಲ್ಲ ಅಂದ್ರೆ, ಈಗ ಬಾಯಿಮಾತಲ್ಲಿ ಹೇಳಿ ಎಂತ ಪ್ರಯೋಜನ' ಅಂತೆ."

ನನಗೂ ಅದು ಜಾರಿಕೊಳ್ಳುವ ಉತ್ತರದ ಹಾಗೆಯೇ ಕೇಳಿಸಿತು. ಹಾಗೆಂದು ಹೇಳಿಯೂ ಹೇಳಿದೆ. ತಿಂಗಳು ಕಳೆಯುವುದರೊಳಗೆ ಲ್ಯಾನ್ಸಿ ಸೂಟ್‌ಕೇಸ್ ಹಿಡಿದು ನಮ್ಮೂರಿನ ನಾಲ್ವರು ಬ್ಯಾರಿ ಹುಡುಗರ ರೂಮಿನಲ್ಲಿ ಒಂದು ಬೆಡ್‌ಸ್ಪೇಸಿಗೆ, ಅಂದರೆ ಒಂದು ಮಂಚದಷ್ಟು ಜಾಗಕ್ಕೆ, ಹೋದ. ಮರುವರ್ಷ ಕಂಪೆನಿ ಫಹಾಹೀಲ್ ಆಫೀಸು ಮುಚ್ಚಿತು. ಡೇಲ್ ಹೊರಡುವ ದಿನವೂ ಟೈ ಕಟ್ಟಿದ್ದರು. "ಅವನನ್ನು ನೋಡಿಕೊಳ್ಳಿ," ಎಂದರು. ಅದನ್ನೂ ನಾನು ಅನುಮಾನದಿಂದಲೇ ಕೇಳಿಸಿಕೊಂಡೆ.

ಬಂಗುಡೆ ಬೇಯುವ ಹೊತ್ತಿಗೆ ಲ್ಯಾನ್ಸಿ ಊಟಕ್ಕೆ ಬಂದ. ಪ್ರತಿ ಶುಕ್ರವಾರ ಬರುತ್ತಾನೆ. ತಲೆ ಪೂರ್ತಿ ನರೆತಿದೆ, ಮದುವೆಯ ಮಾತೆತ್ತುವುದನ್ನು ಊರಿನವರೂ ಬಿಟ್ಟಿದ್ದಾರೆ. ರಿಯಾ ಅವನಿಗೂ ಫೋನಿನ ಆ ಸಭೆಯನ್ನು ತೋರಿಸಿದಳು. ಕೊನೆಯತನಕ ನೋಡಿದ.

"ಡೇಲ್ ಮದುವೆ ಆದನಂತೆ," ಎಂದ, ಫೋನು ಹಿಂದಿರುಗಿಸುತ್ತ. "ಮೆಸೇಜ್ ಬಂದಿತ್ತು. ಹುಡುಗ ಅಕೌಂಟೆಂಟ್. ಪಕ್ಷದವರೆಲ್ಲ ಬಂದಿದ್ದರಂತೆ."

"ಹೂ ಇಸ್ ಡೇಲ್, ಅಂಕಲ್?"

"ಫ್ಲ್ಯಾಟ್‌ಮೇಟ್."

ರಿಯಾ ಸಲಾಡ್ ತರಲು ಒಳಗೆ ಹೋದಳು. ಲ್ಯಾನ್ಸಿ ತಟ್ಟೆ ನೋಡುತ್ತ ಮೆಲ್ಲಗೆ ಕೇಳಿದ: "ಈಗಾದರೂ ಹೇಳು ಬಾಯ್. ಎಲ್ಲಿ ಹಾಕಿದ?"

ಸರಿಯಾದ ಕಡೆಯೇ ಹಾಕಿದರು ಎನ್ನಬಹುದಿತ್ತು. ಆದರೆ ಅದನ್ನು ಕೇಳಿ ಇವನು ಏನು ಮಾಡಬೇಕು? ಅವರನ್ನು ಸುಮ್ಮಸುಮ್ಮನೆ ಬಿಟ್ಟು ಬಂದೆ ಎಂದು ಕೊರಗುತ್ತ ಉಳಿದ ಶುಕ್ರವಾರಗಳನ್ನೆಲ್ಲ ಕಳೆಯಬೇಕೇ? ಇಷ್ಟು ವರ್ಷ ಇವನು ಡೇಲ್‌ರನ್ನು ಅನುಮಾನಿಸಿದ್ದು ಅರ್ಧ, ನೋಡಿಯೂ ಹೇಳುತ್ತಿಲ್ಲವೆಂದು ನನ್ನನ್ನು ಅನುಮಾನಿಸಿದ್ದು ಅರ್ಧ. ಅದರಲ್ಲಿ ನನ್ನ ಪಾಲು ಬೇಕಾದರೆ ಹಾಗೇ ಇರಲಿ.

"ನೋಡ್ಲಿಲ್ಲ ಲ್ಯಾನ್ಸಿ. ದೇವರಾಣೆ. ಕೇಳಿಸಿದ್ದು ಮಾತ್ರ ಉಂಟು. ಅಧ್ಯಕ್ಷರಿಗೆ ಕೂಡಲೇ ಹಾಕಿದರು. ಇನ್ನೊಂದಕ್ಕೆ ತುಂಬ ಹೊತ್ತು ತಗೊಂಡರು. ಏಸಿ ನಿಂತು, ಪುನಃ ಶುರು ಆಯ್ತು, ಅಷ್ಟು ಹೊತ್ತು. ಪಕ್ಷ ಹೇಳಿದ ಹಾಗೆ ಹಾಕೋದಿದ್ರೆ ಅಷ್ಟು ಹೊತ್ತು ಯಾಕೆ ಬೇಕು?" ಎಂದೆ. ಹೇಳುತ್ತಿರುವಾಗಲೇ ನನಗೂ ಮೊದಲ ಸಲ ಅದು ಹಾಗೆ ಕಂಡಿತು.

ಲ್ಯಾನ್ಸಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ಅಷ್ಟು ಹೊತ್ತಾ?" ಎಂದ.

"ಅಷ್ಟು ಹೊತ್ತು."

"ಇದನ್ನು ನೀನು ಹೇಳಲೇ ಇಲ್ಲ."

"ನೀನು ಕೇಳಿದ್ದು ನೋಡಿದ್ದನ್ನು."

ರಿಯಾ ಸಲಾಡ್ ತಂದಿಟ್ಟು ಪುನಃ ಫೋನು ಕೈಗೆತ್ತಿಕೊಂಡಳು, ಚಪ್ಪಾಳೆ ಮತ್ತೆ ಶುರುವಾಯಿತು. "ಅದನ್ನು ಸ್ವಲ್ಪ ಬಂದ್ ಮಾಡು ಮಗಾ," ಎಂದೆ. ಲ್ಯಾನ್ಸಿ ಇನ್ನೂ ಆ ಸದ್ದಿಲ್ಲದ ಹೊತ್ತನ್ನು ಕೇಳಿಸಿಕೊಳ್ಳುತ್ತಿದ್ದ.