ತಾನೇ ಹಾಕಿದ ಬೀಗ

ಹನ್ನೊಂದು ವರ್ಷ ಜ್ಯೋತಿ ಚೆನ್ನೈನ ಪೆರುಂಗುಡಿಯ ಕಂಪನಿಯೊಂದರಲ್ಲಿ ಲ್ಯಾಪ್‌ಟಾಪುಗಳನ್ನು ಕಾಯ್ದವಳು. ಹೊಸಬರಿಗೆ ಕೊಡುವುದು, ಬಿಟ್ಟುಹೋದವರಿಂದ ವಾಪಸು ಪಡೆಯುವುದು, ಬೆನ್ನಿಗೆ ನಂಬರಿನ ಚೀಟಿ ಅಂಟಿಸುವುದು, ಹಳತಾದವನ್ನು ರಿಚೀ ಸ್ಟ್ರೀಟಿನ ಸದಾನಂದನ ಅಂಗಡಿಗೆ ಕಳಿಸುವುದು. ಅಂಥವಳ ಮನೆಯಲ್ಲಿ ಸ್ವಂತದ್ದೊಂದು ಇರಲಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಪೊಂಗಲ್ ಕಳೆದ ಮೇಲೆ ಕಂಪನಿಯವರು ಅವಳನ್ನು ಮನೆಗೆ ಕಳಿಸಿದರು. ನಾಲ್ಕು ತಿಂಗಳು ಕಂಡವರ ಕಾಲು ಹಿಡಿದ ಮೇಲೆ, ಮನೆಯಿಂದಲೇ ಮಾಡುವ ಕೆಲಸವೊಂದರ ಪರೀಕ್ಷೆಗೆ ಕರೆ ಬಂದಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ. ಮೊಬೈಲಿನಲ್ಲಿ ಬರೆಯುವಂತಿಲ್ಲ. ಪಕ್ಕದ ಮನೆಯವರದು ಆಫೀಸಿನ ಲ್ಯಾಪ್‌ಟಾಪ್ ಆದ್ದರಿಂದ ಅದರಲ್ಲಿ ಪರೀಕ್ಷೆ ತೆರೆಯಲೇ ಇಲ್ಲ. ಈ ಕೆಲಸವೂ ತಪ್ಪಿದರೆ ಬಾಡಿಗೆ ಮನೆ ಬಿಡಬೇಕು. ಮಗಳು ಶರಣ್ಯಾಳಿಗೆ ಅದನ್ನಿನ್ನೂ ಹೇಳಿರಲಿಲ್ಲ. ಭಯದಲ್ಲಿ ಎರಡು ದಿನದಿಂದ ಜ್ಯೋತಿಗೆ ಊಟವೇ ಸೇರುತ್ತಿರಲಿಲ್ಲ.

ಹಳೆಯದೊಂದನ್ನು ಕೊಳ್ಳಲೆಂದು ಸದಾನಂದನ ಅಂಗಡಿಗೆ ಬಂದು ಒಂದೊಂದನ್ನೇ ತೆರೆದು ಕೀಲು ಅಲುಗಾಡಿಸಿ, ಕೀಲಿಗಳನ್ನು ಒತ್ತಿ, ಪರದೆ ಓರೆಯಾಗಿಸಿ ನೋಡಿದಳು. ಒಳ್ಳೆಯದಕ್ಕೆಲ್ಲ ಕೈಯಲ್ಲಿದ್ದುದರ ಎರಡರಷ್ಟು ಬೆಲೆ. ಅಷ್ಟರಲ್ಲಿ ಮೂಲೆಯ ರಾಶಿಯಲ್ಲಿ ತನ್ನದೇ ಅಕ್ಷರ ಕಂಡಿತು. ನಂಬರ್ ನಾನೂರ ಹದಿನೆಂಟು. ಹೋದ ದೀಪಾವಳಿಗೆ ಅದಕ್ಕೆ ಹೊಸ ಬ್ಯಾಟರಿ ಹಾಕಿಸಿದ್ದು ಇವಳೇ. ಬೆಲೆ ಕೇಳಿದರೆ ಅರ್ಧಕ್ಕರ್ಧ.

“ಅದು ಬೇಡ ಅಮ್ಮಾ,” ಎಂದ ಸದಾನಂದ. “ನೀವು ಬಿಟ್ಟ ಮೇಲೆ ಬಂದ ಲಾಟ್ ಅದು. ಆನ್ ಮಾಡಿದ ಕೂಡ್ಲೆ ಪಾಸ್‌ವರ್ಡ್ ಕೇಳ್ತದೆ. ಸ್ಪೇರ್‌ಗೆ ಅಂತ ಇಟ್ಟದ್ದು, ರಿಟರ್ನ್ ಕಿಡೈಯಾದು, ಮತ್ತೆ ವಾಪಸ್ ತಗೊಳ್ಳುದಿಲ್ಲ.”

“ಆ ಬೀಗ ಹಾಕಿದಾಕಿ ನಾನೇ, ಅಣ್ಣಾರ. ಎಲ್ಲಾದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ.”

“ಹಾಗಾದ್ರೆ ಮೊದ್ಲು ಓಪನ್ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.”

ತೆರೆದುಕೊಂಡರೆ ಬೆಲೆ ಏರಿಸಿಬಿಟ್ಟಾನು! ಜೀವಮಾನದಲ್ಲಿ ಒಮ್ಮೆಯೂ ಯಾರಿಗೂ ಟೋಪಿ ಹಾಕದವಳು ಅಂದು ಜಾಣೆಯಾದಳು. ಇದ್ದಷ್ಟು ದುಡ್ಡು ಕೊಟ್ಟು ಬಿಲ್ಲು ಬರೆಸಿಕೊಂಡಳು.

“ಈಗ ಸ್ವಲ್ಪ ಆ ಕಡೆ ತಿರುಗ್ರಿ,” ಎಂದಳು. ಪಾಸ್‌ವರ್ಡ್ ಒತ್ತುವವರ ಕಡೆ ನೋಡಬಾರದೆಂದು ಇಡೀ ಆಫೀಸಿಗೆ ಕಲಿಸಿದವಳಲ್ಲವೇ. ಸದಾನಂದ ಗೋಡೆಯ ಕಡೆ ತಿರುಗಿ ನಿಂತ.

ತೀರಿಹೋದ ತಾಯಿ ಬಸವಣ್ಣೆಮ್ಮನ ಹೆಸರು, ಮುಂದೆ ಇಸವಿ. ತಪ್ಪು ಎಂದಿತು. ಯಾವುದೋ ಅಕ್ಷರ ತಪ್ಪಿರಬೇಕೆಂದು ಮತ್ತೆ ಒತ್ತಿದಳು. ತಪ್ಪು. ಮೂರನೆಯ ಸಲ ಅಕ್ಷರಕ್ಕೊಮ್ಮೆ ಅವ್ವನನ್ನು ನೆನೆಯುತ್ತ ಒತ್ತಿದಳು. ಮತ್ತೆ ತಪ್ಪು ಎಂದು ಪರದೆ ಕಪ್ಪಾಯಿತು.

ತಲೆಯೆತ್ತಿದರೆ ಎದುರಿಗೆ ಸದಾನಂದನ ಬೆನ್ನು. ಆಗ ನೆನಪಾಯಿತು. ಕೆಲಸದ ಕೊನೆಯ ದಿನ ಮ್ಯಾನೇಜರ್ ಅವಳ ಕುರ್ಚಿಯಲ್ಲಿ ಕುಳಿತು, ಅವಳು ಎಲ್ಲದಕ್ಕೂ ಪಾಸ್‌ವರ್ಡ್ ಹಾಕುತ್ತಿದ್ದ ಕಂಪ್ಯೂಟರಿನಲ್ಲಿ ಏನನ್ನೋ ಬದಲಿಸಿದ್ದ. ತನ್ನ ಮೇಲ್ ಮುಚ್ಚುತ್ತಿದ್ದಾನೆ ಎಂದುಕೊಂಡಿದ್ದಳು; ಬದಲಾದದ್ದು ಪಾಸ್‌ವರ್ಡ್. ಅವನು ಒತ್ತಿ ಮುಗಿಸುವವರೆಗೂ, ಕಣ್ಣೊರೆಸಿಕೊಳ್ಳುತ್ತ, ಕಿಟಕಿಯಾಚೆ ಜೌಗಿನಲ್ಲಿ ನಿಂತ ಕೊಕ್ಕರೆಗಳನ್ನು ನೋಡುತ್ತಿದ್ದಳು. ಓರೆಗಣ್ಣಿನಿಂದಲೂ ಇತ್ತ ತಿರುಗಿರಲಿಲ್ಲ.

“ಆಯ್ತಾ ಅಮ್ಮಾ? ತಿರುಗ್ಲಾ?” ಗೋಡೆ ನೋಡುತ್ತಲೇ ಸದಾನಂದ ಕೇಳಿದ.