ವಾಯವ್ಯಕ್ಕೆ ಇಟ್ಟ ಗಂಟು

ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಪ್ರತಿ ವರ್ಷವೂ ಒಂದು ವಾರ ಮೆಡಿಟರೇನಿಯನ್ ವಾಯುಗುಣಕ್ಕೆ ಮೀಸಲು. ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಣ ಹವೆ, ದ್ರಾಕ್ಷಿ, ಆಲಿವ್, ಕಿತ್ತಳೆ. ಕಣ್ಣಾರೆ ಕಂಡು ಬಂದವಳ ಗತ್ತಿನಲ್ಲಿ ಇಷ್ಟನ್ನೂ ಹೇಳುತ್ತಿದ್ದೆ. ಮೆಡಿಟರೇನಿಯನ್ ಹಾಗಿರಲಿ, ನಾನು ಯಾವ ಸಮುದ್ರವನ್ನೂ ಕಂಡವಳಲ್ಲ. ಹಿಂದೂಪುರದಲ್ಲಿ ನೀರು ಅಂದರೆ ನಮಗೆ ನೆನಪಾಗುವುದು ಟ್ಯಾಂಕರ್.

ನಿವೃತ್ತಿಯಾದ ದಿನ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮನೆಗೆ ಬಂದವಳೇ ನಮ್ಮ ಯಜಮಾನರಿಗೆ ಹೇಳಿಬಿಟ್ಟೆ: "ರೀ, ನಂಗೆ ಆ ಸಮುದ್ರ ನೋಡ್ಬೇಕು. ನಾವಿಬ್ರೇ ಹೋಗೋಣ."

'ಇಬ್ಬರೇ' ಅನ್ನುವುದನ್ನು ಒತ್ತಿ ಹೇಳಿದ್ದಕ್ಕೆ ಕಾರಣವಿತ್ತು. ಅವರದು ಪೇಟೆಯಲ್ಲಿ ಸೀರೆ ಅಂಗಡಿ. ಗಿರಾಕಿಗಳ ಮುಂದೆ ಕನ್ನಡ, ತೆಲುಗು ಎರಡರಲ್ಲೂ ಜೇನು ಸುರಿಸುವ ಮನುಷ್ಯ ಮನೆಗೆ ಬಂದರೆ "ಊಟ" ಅನ್ನುತ್ತಾರೆ, ಆಮೇಲೆ "ಸಾಕು" ಅನ್ನುತ್ತಾರೆ. ನಮ್ಮ ಸಂಸಾರದ ಮಾತುಕತೆ ಬಹುಪಾಲು ಈ ಎರಡು ಪದಗಳ ನಡುವೆಯೇ ಮುಗಿದಿದೆ. ಅಂಗಡಿಯಿಲ್ಲದ ಒಂದು ಊರಿನಲ್ಲಿ, ಕಡಲ ಕಡೆ ಮುಖ ಮಾಡಿ ಒಂದು ಗಂಟೆ ಅವರ ಪಕ್ಕ ಕೂರಬೇಕು ಅನ್ನುವುದು ನನ್ನ ಆಸೆ. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣದು, ಆದರೆ ಮೂವತ್ತಮೂರು ವರ್ಷ ಈಡೇರಿರಲಿಲ್ಲ. ಆಶ್ಚರ್ಯವೆಂದರೆ, ಅವರು "ಆಯ್ತು, ನೋಡು" ಅಂದರು.

ನಾನು ನೋಡಿದೆ. ಮೂರು ತಿಂಗಳು ಫೋನಿನಲ್ಲೇ ನೋಡಿ ನೋಡಿ, ಇಟಲಿಯ ಸಿಸಿಲಿ ದ್ವೀಪದ ಚೆಫಲು ಅನ್ನುವ ಹಳೆಯ ಊರನ್ನು ಆರಿಸಿದೆ. ಬೆನ್ನಿಗೆ ದೊಡ್ಡ ಬಂಡೆ, ಮುಂದೆ ಕಡಲು, ನಡುವೆ ಎರಡು ಗೋಪುರದ ಹಳೆಯ ಚರ್ಚು. ಊರೊಳಗೆ ಶತಮಾನಗಳ ಹಿಂದೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ತೊಟ್ಟಿಗಳನ್ನು ಹಾಗೇ ಉಳಿಸಿದ್ದಾರೆ. ಫೋಟೊಗಳನ್ನು ಮನೆಯಲ್ಲಿ ತೋರಿಸಿದೆ.

"ಬೆಟ್ಟ ನೋಡಕ್ಕಾದ್ರೆ ಪೆನುಕೊಂಡ ಐತಲ್ಲ" ಅಂದರು ಯಜಮಾನರು.

ಅತ್ತೆಗೆ ಎಂಬತ್ತಾರು. ಕಣ್ಣಿಗೆ ಕೈ ಅಡ್ಡ ಹಿಡಿದು ತೊಟ್ಟಿಯ ಚಿತ್ರವನ್ನೇ ನೋಡಿದರು. "ಬಟ್ಟೆ ಒಗ್ಯೋ ಕಲ್ಲು ನೋಡಕ್ಕೆ ಇಮಾನ ಹತ್ತಿ ಹೋಯ್ತೀಯೇನಮ್ಮ? ಸೋಮಂದೇಪಲ್ಲೀಲಿ ನಮ್ಮಪ್ಪನ ಮನೆ ಹಿತ್ಲಲ್ಲಿ ಅಂತವು ನಾಕು ಬಿದ್ದವೆ, ಯಾರೂ ಕೇಳೋರಿಲ್ಲ" ಅಂದರು.

ಇನ್ನು ಅಂಗಡಿ ಬಿಟ್ಟು ಯಾವಾಗ ಹೋಗುವುದು? ಮಾಘದಲ್ಲಿ ಮದುವೆ, ವೈಶಾಖದಲ್ಲಿ ಮದುವೆ, ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಆಮೇಲೆ ದಸರಾ, ಕಾರ್ತೀಕದಲ್ಲಿ ಮತ್ತೆ ಮದುವೆ. ಊರಿನವರು ಮದುವೆಯಾಗುವುದನ್ನು ನಿಲ್ಲಿಸುವ ತಿಂಗಳು ಆಷಾಢ ಒಂದೇ. ಯಜಮಾನರು ಆಷಾಢಕ್ಕೆ ಒಪ್ಪಿದರು. ಆಗ ಅತ್ತೆ ಅಡ್ಡ ಬಂದರು. ಆಷಾಢದಲ್ಲಿ ದೂರದ ಪ್ರಯಾಣಕ್ಕೆ ಹೊಸ್ತಿಲು ದಾಟಬಾರದಂತೆ.

ಇದಕ್ಕೂ ನಮ್ಮಲ್ಲಿ ದಾರಿಯಿದೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಮುಂಚೆಯೇ ಒಂದು ಒಳ್ಳೆಯ ದಿನ ನೋಡಿ, ಸಾಮಾನಿನ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ನೀವು ಮನೆಯಲ್ಲೇ ಕೂತು ಅನ್ನ ಸಾರು ಉಣ್ಣುತ್ತಿದ್ದರೂ ಶಾಸ್ತ್ರದ ಪ್ರಕಾರ ದಾರಿಯಲ್ಲಿದ್ದೀರಿ. ಒಂದೇ ಕಟ್ಟಳೆ: ಇಟ್ಟ ಗಂಟು ಮುಂದಕ್ಕೆ ಹೋಗಬೇಕೇ ಹೊರತು ಮನೆಗೆ ವಾಪಸು ಬರಬಾರದು.

ಹೋಗುವ ದಿಕ್ಕಿನಲ್ಲೇ ಇಡಬೇಕೆಂದು ಅತ್ತೆ ದಿಕ್ಕು ಕೇಳಿದರು. ಇಟಲಿ ನಮಗೆ ವಾಯವ್ಯ. ಮಗಳನ್ನು ಕೊಟ್ಟ ಕಲ್ಯಾಣದುರ್ಗವೂ ವಾಯವ್ಯ. ವಿಮಾನ ಹತ್ತಬೇಕಾದ್ದು ಮಾತ್ರ ದಕ್ಷಿಣದ ಬೆಂಗಳೂರಿನಲ್ಲಿ, ಅದನ್ನು ಯಾರೂ ಎತ್ತಲಿಲ್ಲ. ನನ್ನ ಭೂಗೋಳವೂ ಅತ್ತೆಯ ಶಾಸ್ತ್ರವೂ ಒಪ್ಪಿಕೊಂಡ ಮೊದಲ ಸಂದರ್ಭ ಅದು. ಜ್ಯೇಷ್ಠದ ಒಂದು ಸೋಮವಾರ ಯಜಮಾನರು ತಾವೇ ಗಂಟು ಕಟ್ಟಿದರು. ಸೀರೆ ಕೊಳ್ಳಲು ಬಂದಿದ್ದ ಬೀಗಿತ್ತಿ, ಅಂದರೆ ಮಗಳ ಅತ್ತೆ, ಅದನ್ನು ಮಡಿಲಲ್ಲಿಟ್ಟುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದರು.

ವೀಸಾಕ್ಕೆ ಬೆಂಗಳೂರಿನಲ್ಲಿ ನಮ್ಮಿಬ್ಬರಿಗೂ ದಿನ ಗೊತ್ತಾಗಿತ್ತು. ಅದರ ಹಿಂದಿನ ದಿನ ಬೆಳಿಗ್ಗೆ ಕಾಗದಗಳನ್ನೆಲ್ಲ ಫೈಲಿಗೆ ಸೇರಿಸುತ್ತಾ ಕೂತೆ. ಬ್ಯಾಂಕಿನ ಪತ್ರ, ಹೋಟೆಲ್ಲಿನ ಬುಕಿಂಗು, ಫೋಟೊ ಎಲ್ಲ ಇವೆ. ಇಬ್ಬರ ಪಾಸ್‌ಪೋರ್ಟೂ ಇಲ್ಲ. ಬೀರು, ದೇವರ ಗೂಡು, ಅಕ್ಕಿ ಡಬ್ಬ ಎಲ್ಲ ಹುಡುಕಿ, ಕೊನೆಗೆ ಅಂಗಡಿಗೆ ಫೋನು ಮಾಡಿದೆ.

"ಗಂಟಲ್ಲಿಟ್ಟಿವ್ನಿ" ಅಂದರು ಅವರು, ಏನೂ ಆಗದವರ ಹಾಗೆ. "ಪ್ರಯಾಣಕ್ಕೆ ಮುಖ್ಯವಾದ್ದು ಇಡ್ಬೇಕು ಅಂದ್ಲಲ್ಲ ಅಮ್ಮ?"

ಅರಿಶಿನದ ಕೊಂಬು, ಅಡಿಕೆ, ಒಂದು ಹಿಡಿ ಅಕ್ಕಿ, ಜೊತೆಗೆ ಭಾರತ ಸರ್ಕಾರದ ಪಾಸ್‌ಪೋರ್ಟು! "ಹೋಗಿ ತಗಂಬಾ, ನಾಳೆ ಇಲ್ಲಿಂದ ಕಾರಲ್ಲಿ ಹೋಗೋಣ" ಅಂದು ಅವರು ಗಿರಾಕಿಯ ಕಡೆ ತಿರುಗಿದರು. "ರಂಡಮ್ಮಾ, ಕೂರ್ಚೋಂಡಿ" ಎಂದು ತೆಲುಗಿನಲ್ಲಿ ಯಾರನ್ನೋ ಬನ್ನಿ, ಕೂತ್ಕೊಳ್ಳಿ ಅಂತ ಉಪಚರಿಸುವುದು ಫೋನಿನಲ್ಲಿ ಕೇಳಿಸಿತು. ಫೈಲನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ದಾಖಲೆ ಬಿಟ್ಟು ಎಲ್ಲಿಗೂ ಹೋಗದಿರುವುದು ಸರ್ಕಾರಿ ಕೆಲಸ ನನಗೆ ಕಲಿಸಿದ ಒಂದೇ ಒಂದು ಒಳ್ಳೆಯ ಬುದ್ಧಿ.

ಕಲ್ಯಾಣದುರ್ಗದಲ್ಲಿ ನಮ್ಮ ಗಂಟು ನನಗಿಂತ ಸುಖವಾಗಿತ್ತು. ಬೀಗಿತ್ತಿ ಅದನ್ನು ದೇವರ ಮನೆಯಲ್ಲಿ ಮಣೆ ಹಾಕಿ ಕೂರಿಸಿ, ದಿನಾ ಹೂವಿಡುತ್ತಿದ್ದರು. "ಬೀದಿಯೋರೆಲ್ಲ ಬಂದು ನೋಡ್ಕಂಡು ಹೋದ್ರು ಕಣಕ್ಕಾ. ಇಟಲಿಗೆ ಹೋಗೋ ಗಂಟು ಅಂದ್ರೆ ಸುಮ್ನೇನಾ?" ಅಂದರು. ಹೂವು ಸರಿಸಿ ಗಂಟು ಬಿಚ್ಚಿದೆ.

ಒಳಗೆ ಒಂದೇ ಪಾಸ್‌ಪೋರ್ಟು. ನನ್ನದು.

ಅಕ್ಕಿಯನ್ನು ಎರಡು ಸಲ ಕೆದಕಿ ನೋಡಿ, ಅಲ್ಲೇ ನಿಂತು ಫೋನು ಮಾಡಿದೆ. ಯಜಮಾನರು ಮೊದಲು ಬೀಗಿತ್ತಿ ಹೇಗಿದ್ದಾರೆಂದು ಕೇಳಿದರು. ಆಮೇಲೆ, "ನಂದು ಅಂಗ್ಡೀಲೈತೆ. ನೋಡು, ಎದುರಂಗ್ಡಿಯೋನು ಈ ಸಲ ಆಷಾಢದ ಡಿಸ್ಕೌಂಟ್ ಬೋರ್ಡ್ ಹಾಕ್ಬುಟ್ಟವ್ನೆ. ನಾನೂ ಹಾಕ್ಲೇಬೇಕು. ಹೆಂಗ್ ಬರ್ಲಿ?" ಅಂದರು.

"ಬೋರ್ಡು ಯಾವಾಗ ಹಾಕಿದ್ದು?"

"ಮೊನ್ನೆ."

"ಗಂಟು ಕಟ್ಟಿ ಹದಿನೈದು ದಿನ ಆಯ್ತಲ್ರೀ. ಆವತ್ತೇ ನಿಮ್ದು ಯಾಕ್ ಇಡ್ಲಿಲ್ಲ?"

ಕೇಳುತ್ತಿದ್ದಂತೆಯೇ ನನಗೆ ತಿಳಿದುಹೋಯಿತು. ಅವರು ಶುರುವಿನಿಂದಲೂ ಬರುವವರಲ್ಲ. ದಿನ ಕೂಡಿಬರುವುದಿಲ್ಲ, ವೀಸಾ ಸಿಗುವುದಿಲ್ಲ, ಹೇಗೋ ತಾನಾಗಿಯೇ ನಿಂತುಹೋಗುತ್ತದೆ ಎಂದುಕೊಂಡೇ ಎಲ್ಲದಕ್ಕೂ ತಲೆಯಾಡಿಸಿದ್ದರು. ಮೂರು ತಿಂಗಳು ನಾನು ಇಬ್ಬರು ಕೂರುವ ಜಾಗ ಹುಡುಕಿದ್ದೆ. ಬೀಗಿತ್ತಿಯ ಎದುರಿಗೇ ಕಣ್ಣಲ್ಲಿ ನೀರು ಬಂತು, ಅವಮಾನವೂ ಆಯಿತು.

"ಮುಂದಿನ ವರ್ಸ ನೋಡೋಣಂತೆ. ಗಂಟು ಎತ್ಕಂಡು ಮನೆಗ್ ಬಂದ್ಬುಡು" ಅಂದರು ಯಜಮಾನರು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದರೆಂದು ಕಾಣುತ್ತದೆ, ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಏನ್ಲಾ ಅಂದೆ? ಇತ್ಲಾಗ್ ಕೊಡು ಪೋನು."

ಫೋನು ಕೈ ಬದಲಾಯಿತು.

"ಅಮ್ಮಣ್ಣಿ, ಇಟ್ಟ ಗಂಟು ವಾಪಸ್ ಬರಂಗಿಲ್ಲ ಕಣಮ್ಮ. ನಮ್ಮ ವಂಶದಾಗೇ ಇಲ್ಲ ಅದು."

"ಅವ್ರು ಬರಲ್ವಂತೆ ಅತ್ತೆಮ್ಮ."

"ಅವ್ನ ಗಂಟು ಯಾರಿಟ್ಟವ್ರೆ? ಇಟ್ಟಿರೋದು ನಿಂದು. ನೀನು ಹೋಗ್ಬೇಕು. ಪಾವಗಡದ ಮ್ಯಾಲಿಂದ ಬೆಂಗ್ಳೂರಿಗೆ ಹೋಗು, ಈ ಕಡೆ ತಲೆ ಹಾಕ್ಬ್ಯಾಡ."

ನನಗೆ ಒಡವೆ ಕೊಟ್ಟಾಗಲೂ ಅತ್ತೆ ನನ್ನ ಕಣ್ಣಿಗೆ ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಅವರಿಗೆ ನನ್ನ ಮೇಲೆ ಪ್ರೀತಿ ಉಕ್ಕಿ ಬಂದಿತ್ತೆಂದು ನಾನೇನೂ ನಂಬಿಕೊಂಡಿಲ್ಲ. ಅವರಿಗೆ ಶಾಸ್ತ್ರ ಕೆಡಬಾರದಿತ್ತು, ಅಷ್ಟೇ. ಮಾರನೆಯ ಬೆಳಿಗ್ಗೆ ಪಾಸ್‌ಪೋರ್ಟು ಹಿಡಿದು ಮೊದಲ ಬಸ್ಸಿಗೆ ಹೊರಟೆ. ಬೀಗಿತ್ತಿ ದಾರಿಗೆ ಕಡಲೆಬೀಜದ ಒಬ್ಬಟ್ಟು ಕಟ್ಟಿಕೊಟ್ಟರು.

ವೀಸಾ ಆಫೀಸಿನಲ್ಲಿ ಕೂಗಿ ಕರೆದಾಗ ಫೈಲು ಹಿಡಿದು ಕೌಂಟರಿಗೆ ಹೋದೆ. ಪಾಸ್‌ಪೋರ್ಟನ್ನು ಯಾವ ವಿಳಾಸಕ್ಕೆ ಕಳಿಸಬೇಕೆಂದು ಕೌಂಟರಿನ ಹುಡುಗಿ ಕೇಳಿದಳು. ಕಲ್ಯಾಣದುರ್ಗದ ಬೀಗಿತ್ತಿಯ ವಿಳಾಸ ಬರೆದೆ. ಮನೆ ಹಿಂದೂಪುರವಲ್ಲವೇ ಅಂದಳು. ಅದು ಮನೆಗೆ ಬರುವ ಹಾಗಿಲ್ಲ ಅಂದೆ. ಅವಳು ಹೆಚ್ಚು ಕೇಳಲಿಲ್ಲ, ಇಂಥವರನ್ನು ದಿನಾ ನೋಡುತ್ತಿರುತ್ತಾಳೇನೋ.

ಕಾಗದಗಳನ್ನು ತಿರುವಿ ಹಾಕುತ್ತಾ ಹೋಟೆಲ್ಲಿನ ಬುಕಿಂಗಿಗೆ ಬಂದು ನಿಂತಳು.

"ಮೇಡಂ, ಇದರಲ್ಲಿ ಇಬ್ಬರು ಅಂತಿದೆ. ನಿಮ್ಮ ಜೊತೆಗೆ ಯಾರು?"

ಯಜಮಾನರಿಗೆ ಸ್ವಲ್ಪ ತಡವಾಗುತ್ತದೆ, ಆಮೇಲೆ ಬರುತ್ತಾರೆ ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಮೂವತ್ತಮೂರು ವರ್ಷ ಮದುವೆ, ಮುಂಜಿ, ಗೃಹಪ್ರವೇಶ ಎಲ್ಲೆಲ್ಲೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಈ ಸಲ ಯಾಕೋ ಆ ಮಾತು ಹೊರಗೆ ಬರಲಿಲ್ಲ.

"ಯಾರೂ ಇಲ್ಲಮ್ಮ. ನಾನೊಬ್ಬಳೇ" ಅಂದೆ. ಅವಳು ಪೆನ್ನು ಕೊಟ್ಟಳು. ಅವರ ಹೆಸರನ್ನು ನಾನೇ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದೆ.