ಕಾರಣ ಬರೆಯದ ‘ಬೇಡ’ ಲೆಕ್ಕಕ್ಕಿಲ್ಲ

ನಮ್ಮತ್ತಿಗೆ ಗ್ರಂಥಾಲಯದ ಕೌಂಟರಿನಲ್ಲಿ ಪುಸ್ತಕ ಕೊಡುವ ನೌಕರಿಯವರು. ಮನೆಗೆ ಬಂದರೆ ಊಟದ ಮೇಜಿನ ಅರ್ಧ ಅವರ ಲ್ಯಾಪ್‌ಟಾಪಿಗೆ, ಉಳಿದರ್ಧ ನಮ್ಮ ತಟ್ಟೆಗಳಿಗೆ. ಗ್ರಂಥಾಲಯ ನಡೆಸುವ ಸಾಫ್ಟ್‌ವೇರ್ ಒಂದಿದೆ, ಯಾರಪ್ಪನ ಸ್ವತ್ತೂ ಅಲ್ಲ. ಕೋಡ್ ಎಲ್ಲರಿಗೂ ತೆರೆದಿದೆ. ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಬಿಟ್ಟಿ ದುಡಿದು ಅದನ್ನು ಬೆಳೆಸುತ್ತಾರೆ. ಅತ್ತಿಗೆಯೂ ಹೊಸಬರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ, ಬೇರೆಯವರ ತಿದ್ದುಪಡಿಗಳನ್ನು ಪರೀಕ್ಷಿಸಿದ್ದಾರೆ, ಯಾರೂ ಮೂಸದ ದೋಷಗಳನ್ನು ರಿಪೇರಿ ಮಾಡಿದ್ದಾರೆ. ಆದರೆ ಮೂಲ ಕೋಡಿಗೆ ಕೈಹಾಕುವ ಹಕ್ಕು ‘ಕಮಿಟರ್’ ಎನಿಸಿಕೊಂಡವರಿಗೆ ಮಾತ್ರ. ವರ್ಷಗಟ್ಟಲೆ ಕಾದ ಮೇಲೆ ಅಂತೂ ಒಬ್ಬರು ಅತ್ತಿಗೆಯ ಹೆಸರು ಸೂಚಿಸಿದರು.

ಮತ ಹಾಕಲು ಒಂದು ವಾರ. ತಿದ್ದುಪಡಿಯಾಗಲಿ, ಹೊಸ ಕಮಿಟರ್ ಆಗಲಿ, ಕಮಿಟರ್ ಒಬ್ಬರು ‘ಬೇಡ’ ಎಂದರೆ ಅಲ್ಲಿಗೆ ನಿಂತಿತು. ಆದರೆ ಕಾರಣವನ್ನು ಎಲ್ಲರಿಗೂ ಕಾಣುವಂತೆ ಬರೆಯಬೇಕು. ಬರೆಯದಿದ್ದರೆ ಆ ‘ಬೇಡ’ ಲೆಕ್ಕಕ್ಕಿಲ್ಲ.

ಅದೇ ವಾರ ಕಮಿಟರ್‌ಗಳಲ್ಲೇ ಹಳೇ ಹುಲಿಯೊಬ್ಬ ತಿದ್ದುಪಡಿ ಕಳಿಸಿದ. ಇಂಟರ್ನೆಟ್ ಇಲ್ಲದಾಗಲೂ ಪುಸ್ತಕ ಕೊಡಬಹುದಾದ ಸೌಲಭ್ಯವನ್ನೇ ಕಿತ್ತುಹಾಕುವುದಂತೆ, ಕೋಡ್ ಚೊಕ್ಕಟವಾಗುತ್ತದಂತೆ! ಅತ್ತಿಗೆಯ ಕೌಂಟರಿನಲ್ಲಿ ನೆಟ್ ದಿನಾ ಕೈಕೊಡುತ್ತದೆ. ‘ಇದನ್ನು ಸೇರಿಸಬಾರದು, ನಮ್ಮಂಥ ಗ್ರಂಥಾಲಯಗಳ ಕೆಲಸ ನಿಂತುಹೋಗುತ್ತದೆ’ ಎಂದು ತಿದ್ದುಪಡಿಯ ಕೆಳಗೇ ಬರೆದರು.

ಸಂಜೆ ಹುಲಿಯಿಂದ ಖಾಸಗಿ ಸಂದೇಶ ಬಂತು: ಆಕ್ಷೇಪಣೆ ವಾಪಸ್ ತೆಗೆದುಕೋ, ಇಲ್ಲವಾದರೆ ನಿನಗೆ ನನ್ನ ಮತ ‘ಬೇಡ’.

ಅಣ್ಣ ತಲೆ ಚಚ್ಚಿಕೊಂಡ. “ಒಂದು ವಾರ ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೇ ನಿಂಗೆ?”

“ಬಾಯಿ ಮುಚ್ಕೊಂಡು ತಗೊಂಡ ಹಕ್ಕನ್ನ ಏನ್ ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?”

ನಾನೂ ನಡುವೆ ಬಾಯಿ ಹಾಕಿದೆ. “ಅತ್ತಿಗೆ, ಇಷ್ಟು ವರ್ಷ ಒದ್ದಾಡಿದ್ದೆಲ್ಲ ನೀರಲ್ಲಿ ಹೋಮ ಆಗುತ್ತೆ. ಅಳಿಸಿಬಿಡಿ.”

ಅವರ ಕಣ್ಣು ತುಂಬಿತು. ಆ ಹಕ್ಕು ಅವರಿಗೆ ಬೇಕಿತ್ತು, ತುಂಬಾ ಬೇಕಿತ್ತು. ಆದರೂ ಮೂಗೊರೆಸಿಕೊಂಡು ನನ್ನೆದುರೇ ಟೈಪ್ ಮಾಡಿದರು: ‘ಧಾರಾಳವಾಗಿ ಬೇಡ ಅನ್ನಿ. ಈಗ ನನಗೆ ಹೇಳಿದ ಕಾರಣವನ್ನೇ ಎಲ್ಲರೆದುರು ಬರೆಯಿರಿ.’

ಆಮೇಲೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅಣ್ಣ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದ. ಕಮಿಟರ್‌ಗಳು ಒಬ್ಬೊಬ್ಬರಾಗಿ ‘ಆಗಲಿ’ ಎಂದು ಬರೆಯುತ್ತಾ ಬಂದರು. ಹುಲಿ ಮಾತ್ರ ಗಪ್‌ಚುಪ್. ಯಾವ ಮುಖ ಇಟ್ಟುಕೊಂಡು ಬರೆದಾನು? ‘ನನ್ನ ಕೆಲಸದಲ್ಲಿ ತಪ್ಪು ಹಿಡಿದಳು, ಅದಕ್ಕೇ ಬೇಡ’ ಎಂದೇ? ಬೇರೆ ಕಾರಣ ಕಟ್ಟೋಣವೆಂದರೆ ಅವನ ಸಂದೇಶ ಅತ್ತಿಗೆಯ ಕೈಯಲ್ಲೇ ಇತ್ತು. ಗಡುವು ಮುಗಿಯಿತು, ಅವನಿಂದ ಒಂದಕ್ಷರವೂ ಬರಲಿಲ್ಲ. ಅತ್ತಿಗೆ ಕಮಿಟರ್ ಆದರು.

ನಾನು ಕುಣಿದಾಡಿಬಿಟ್ಟೆ. “ಈಗ ಅವನ ತಿದ್ದುಪಡೀನ ಕಸದ ಬುಟ್ಟಿಗೆ ಬಿಸಾಕಿ ಅತ್ತಿಗೆ!”

“ಯಾಕೆ ಬಿಸಾಕ್ಲಿ? ಮಿಕ್ಕಿದ್ದೆಲ್ಲ ಚೆನ್ನಾಗೇ ಬರ್ದಿದಾನೆ,” ಎಂದರು ಅತ್ತಿಗೆ, ಪರದೆಯಿಂದ ಕಣ್ಣು ತೆಗೆಯದೆ. “ನೆಟ್ ಇಲ್ದಾಗ್ಲೂ ಪುಸ್ತಕ ಕೊಡೋ ಹಾಗೆ ತಿದ್ದಿ ಕಳ್ಸು ಅಂದಿದೀನಿ. ಅಲ್ಲೀವರೆಗೂ ನಂದು ‘ಬೇಡ’. ಕಾರಣ ಎಲ್ಲರ ಕಣ್ಣೆದುರಿಗೇ ಇದೆ, ಹೋಗಿ ಓದ್ಕೊಳ್ಳಲಿ.”